ಸಕ್ಕರೆ ನೀರು

ಬೆರ್ಮೆಯೊ ಬಂದರಿನ ಗೋಡೆಗೆ ಬೆನ್ನು ಕೊಟ್ಟು
ಮೂವತ್ತೊಂದು ವರ್ಷದಿಂದ ಬಲೆ ಹೊಲಿಯುವವಳು ನಾನು.
ಎಲ್ಲಿ ಹರಿದಿದೆ ಎಂದು ಬೆರಳಿಗೆ ಮೊದಲು ಗೊತ್ತಾಗುತ್ತದೆ,
ಕಣ್ಣು ಆಮೇಲೆ ಬರುತ್ತದೆ.

ಇವತ್ತು ಎಲ್ಲೆಲ್ಲೋ ಹರಿದಿದೆ.

ಭಾನುವಾರ ಗರಾಸಿ ಬಾಗಿಲಿಗೇ ಬಂದಳು:
‘ಹದಿಮೂರು ಹುಟ್ಟಿಗೆ ಹನ್ನೆರಡೇ ಹೆಂಗಸರು,
ಏಳೇ ಮೈಶಾಬೆಲ್.’
ಐವತ್ತೆಂಟಕ್ಕೆ ಇದೆಲ್ಲ ಯಾಕೆ ಎನ್ನುತ್ತಲೇ ದೋಣಿ ಹತ್ತಿದೆ.
ಇಸಾರೊ ನಡುಗಡ್ಡೆಯ ತನಕ ಹೋಗಿ ಬಂದೆವು.
ಎಳೆ, ಬಿಡು. ಎಳೆ, ಬಿಡು.
ಅಲೆ ಮುಖಕ್ಕೆ ಉಗುಳಿದರೂ ಎಳೆ.
ದಡ ಸೇರಿದಾಗ ನನಗೇನೂ ಆಗಿರಲಿಲ್ಲ;
ಇಷ್ಟೇನಾ ಎಂದೆ,
ಜಂಬಕ್ಕೆ ನಾಲ್ಕು ಮೀನು ಜಾಸ್ತಿ ತಿಂದೆ.

ಸೋಮವಾರವೂ ಮೈ ಸುಮ್ಮನಿತ್ತು,
ಸಾಲ ಕೊಟ್ಟು ಮರೆತವರ ಹಾಗೆ.

ಮಂಗಳವಾರ
ತಲೆ ಬಾಚಲೆಂದು ಎತ್ತಿದ ಕೈ ಕಿವಿಯ ಬಳಿಯೇ ನಿಂತಿತು.
ಬೆನ್ನೊಳಗೆ ಗುರುತೇ ಇಲ್ಲದ ಯಾರೋ ಇಬ್ಬರು
ಕುರ್ಚಿ ಎಳೆದಾಡುತ್ತಿದ್ದರು.
ಮೆಟ್ಟಿಲು ಹತ್ತಿದ್ದೇನೋ ಆಯಿತು; ಇಳಿಯುವಾಗ
ಗೋಡೆ ಹಿಡಿದು ಹಿಮ್ಮುಖವಾಗಿ ಇಳಿದೆ,
ಮೀನಖಂಡದೊಳಗಿನ ಮೀನು
ಬಲೆಗೆ ಬಿದ್ದು ಪಟಪಟ ಬಡಿದುಕೊಂಡಿತು.

ನಮ್ಮೂರಲ್ಲಿ ಈ ನೋವಿಗೆ ‘ಸಣ್ಣ ಸೂಜಿಗಳು’ ಎಂದು ಹೆಸರು.
ಮದ್ದು, ಸಕ್ಕರೆ ನೀರು.
ಅದರಿಂದ ಏನೂ ಆಗದು ಎಂದ ಔಷಧದಂಗಡಿಯ ಹುಡುಗ.
ಇರಲಿ, ಕುಡಿದೆ,
ಅವ್ವ ಕುಡಿಯುತ್ತಿದ್ದಳು.

ಸಾರ್ಡೀನ್ ಬುಟ್ಟಿ ತಲೆಯ ಮೇಲಿಟ್ಟು
ಗುಡ್ಡದ ಮನೆಮನೆಗೆ ಕೂಗುತ್ತ ನಡೆದವಳು.
ಅವಳಿಗೂ ಮೊದಲ ವಾರ ಸೂಜಿ ಚುಚ್ಚಿರಬೇಕು.
ಆಮೇಲೆ ಅದೇ ಮೈಯಾಗಿ ಹೋಯಿತು.
ವ್ಯಾಯಾಮ ಎಂದು ಯಾರೂ ಕರೆಯಲಿಲ್ಲ ಅದನ್ನು,
ವಾರಕ್ಕೊಂದು ದಿನ ವಿಶ್ರಾಂತಿ ಎಂದು
ಯಾರೂ ಬರೆದುಕೊಡಲಿಲ್ಲ.
ನನ್ನದು ನಾಲ್ಕು ದಿನದ ನೋವು,
ಕೇಳಿ ಪಡೆದದ್ದು.
ಲೋಟದ ತಳದಲ್ಲಿ ಕರಗದ ಸಕ್ಕರೆಯನ್ನು
ಬೆರಳಲ್ಲಿ ಬಳಿದು ನೆಕ್ಕಿದೆ.

ಹೆತ್ತವಳಲ್ಲ ನಾನು,
ಹುಟ್ಟಿನ ನೋವು ಏನೆಂದು ತಿಳಿಯದು.
ಈ ಹುಟ್ಟಿನದು ತಿಳಿಯಿತು:
ಇಷ್ಟು ವರ್ಷ ಹೊತ್ತು ತಿರುಗಿದ ಮೈಯಲ್ಲಿ
ಬಾಗಿಲು ತೆರೆಯದ ಕೋಣೆಗಳು ಎಷ್ಟಿದ್ದವು!
ಒಂದೊಂದೂ ಈಗ ಒಳಗಿನಿಂದ ಬಡಿಯುತ್ತಿದೆ.

ಬುಧವಾರ ಗರಾಸಿ ಬಂದಳು.
ಬಲೆಯ ಸೂಜಿ ಹಿಡಿದ ನನ್ನ ಕೈ ಗಂಟು ಹಾಕಲಾರದೆ
ಗಾಳಿಯಲ್ಲಿ ತೂಗುತ್ತಿತ್ತು.
ನಗಬೇಡವೇ, ನಕ್ಕರೆ ಪಕ್ಕೆ ಹಿಡಿಯುತ್ತದೆ ಎಂದೆ.
ನೋಡಿದರೆ ಅವಳೂ ಪಕ್ಕೆ ಹಿಡಿದೇ ನಿಂತಿದ್ದಾಳೆ.

‘ಶನಿವಾರ?’ ಎಂದಳು.

ಎಷ್ಟು ಗಂಟೆಗೆ, ಎಂದಷ್ಟೇ ಕೇಳಿದೆ.