ಒತ್ತಿ ನೋಡುವುದು

ಪೈಪ್ಸಿ ಸರೋವರದ ದಂಡೆಗೆ ನಮ್ಮದು ಒಂದೇ ಬೀದಿ.
ಏಳು ಕಿಲೋಮೀಟರು ಉದ್ದ, ಎರಡು ಮನೆ ಅಗಲ.
ಅಲ್ಲಿ ಫೆವ್ರೋನಿಯಾ ಅತ್ತೆಗೆ ಎಪ್ಪತ್ತೆರಡು,
ಅವಳ ಎಡ ಮಂಡಿಗೆ ಇನ್ನೂ ಹತ್ತು ಜಾಸ್ತಿ.

ಜನವರಿಯಲ್ಲಿ ತಾಲಿನ್‌ನಿಂದ ಒಬ್ಬ ಬಂದ.
ಗ್ರಂಥಾಲಯದ ಒಲೆಗೆ ಬೆನ್ನು ಕೊಟ್ಟು ನಿಂತು
ನಮಗೆಲ್ಲ ಒಂದೊಂದು ಕೈಗನ್ನಡಿ ಹಂಚಿದ.
"ನಾನು ಚೆನ್ನಾಗಿದ್ದೇನೆ, ನಾಳೆ ಇನ್ನೂ ಚೆನ್ನಾಗಿರುತ್ತೇನೆ.
ಹೇಳಿ, ಮೂರು ಸಲ, ನಗುತ್ತಾ."
ಹೇಳಿದೆವು. ದುಡ್ಡು ಕೊಟ್ಟದ್ದು ಪುರಸಭೆ.
ಅತ್ತೆ ಮಾತ್ರ ಕನ್ನಡಿಯಲ್ಲಿ ಬಾಯಿ ತೆರೆದು
ಹಲ್ಲು ನೋಡಿಕೊಂಡಳು.
"ಬಲಗಡೆ ಮೇಲಿನದು ಇನ್ನೊಂದು ವಾರ" ಎಂದಳು,
ಎಲ್ಲರಿಗೂ ಕೇಳುವ ಹಾಗೆ.

ವಾಪಸು ಬರುವಾಗ ನನಗೆ ಸಿಟ್ಟು.
ಹೇಳಿದರೆ ಏನು ಗಂಟು ಹೋಗುತ್ತಿತ್ತು ನಿನ್ನದು?
ಅತ್ತೆ ನಿಂತಳು. ಕೋಲೆತ್ತಿ ಸರೋವರದ ಕಡೆ ತೋರಿಸಿದಳು.
"ಅದಕ್ಕೆ ಹೇಳು ಹೋಗು. ನೀನು ಗಟ್ಟಿಯಾಗಿದ್ದೀ ಅಂತ.
ಮೂರು ಸಲ. ನಗುತ್ತಾ."

ಆಚೆ, ಹೆಪ್ಪುಗಟ್ಟಿದ ಬಿಳಿಯ ಮೇಲೆ
ಸಾಸಿವೆಕಾಳಿನಷ್ಟು ಕಾಣುತ್ತಿದ್ದ ಅವಳ ತಮ್ಮ ಝಿನೋವಿ.
ನಲವತ್ತು ಚಳಿಗಾಲದಿಂದ ಅವನ ಕೊರಳಲ್ಲಿ
ದಾರಕ್ಕೆ ಕಟ್ಟಿದ ಎರಡು ಮೊಳೆಗಳು:
ಕಾಲ ಕೆಳಗೆ ಬಿರಿದರೆ, ಅಂಚಿಗೆ ಚುಚ್ಚಿ, ತೆವಳಿ
ಮೇಲೆ ಬರುವುದಕ್ಕೆ.
ಒಂದು ಸಲವೂ ಬಳಸಿದವನಲ್ಲ. ತುದಿಗೆ ತುಕ್ಕು.
ಮುಳುಗಬಹುದು ಎಂದುಕೊಂಡೇ ಹೋಗುತ್ತಾನೆ.
ಸಿಳ್ಳೆ ಹಾಕಿಕೊಂಡು ಹೋಗುತ್ತಾನೆ.

ನನ್ನದೂ ಹೇಳಿಬಿಡುತ್ತೇನೆ.
ಅವನು ಬಿಟ್ಟುಹೋದ ಶರತ್ಕಾಲದಲ್ಲಿ
ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೆ,
'ಎಲ್ಲ ಒಳ್ಳೆಯದಾಗುತ್ತದೆ.'
ದಿನಾ ಬೆಳಿಗ್ಗೆ ಹಾಲು ತೆಗೆಯುವಾಗ ಓದುವುದು,
ಓದಿ, ಆಯಿತೇ ಎಂದು ಒಳಗೆ ತಡಕುವುದು,
ಸಸಿ ನೆಟ್ಟು ದಿನಾ ಕಿತ್ತು ಬೇರು ನೋಡುವವಳ ಹಾಗೆ.

ಆ ಸಂಜೆ ಅತ್ತೆಯ ಅಟ್ಟಕ್ಕೆ ದೀಪ ಹಿಡಿದು ಹತ್ತಿದೆ.
ತೊಲೆಯಿಂದ ತೊಲೆಗೆ ಈರುಳ್ಳಿಯ ಜಡೆಗಳು,
ಮದುವೆಗೆ ಸಾಲಾಗಿ ಕೂತ ಹೆಣ್ಣುಮಕ್ಕಳ ಬೆನ್ನಿನಂತೆ.
ಮಾರ್ಚಿನವರೆಗೂ ಅದೇ ಸಂತೆ, ಅದೇ ಸೌದೆಯ ದುಡ್ಡು.
ಅತ್ತೆ ಒಂದೊಂದನ್ನೂ ಹೆಬ್ಬೆರಳಿಂದ ಒತ್ತಿದಳು.
ಎಲ್ಲ ಗಟ್ಟಿಯಿದೆ ಎಂದು ಒತ್ತುತ್ತಿರಲಿಲ್ಲ,
ಕೊಳೆತದ್ದು ಎಲ್ಲಿ ಎಂದು ಒತ್ತುತ್ತಿದ್ದಳು.
ಹಾಗೆ ನೂರನ್ನು ದಾಟಿದ್ದಳು, ಇನ್ನೂರನ್ನು.
ನನ್ನ ಕೈ ಸೋತು ದೀಪ ವಾಲಿತು.
"ಸರಿಯಾಗಿ ಹಿಡಿ. ನಾತ ಮೊದಲು ಬರುತ್ತೆ,
ಬೆರಳು ಆಮೇಲೆ ಹೋಗುತ್ತೆ."

ಸಿಕ್ಕಿತು. ಮೇಲೆ ಹೊನ್ನಿನ ಸಿಪ್ಪೆ,
ಒಳಗೆ ಬೆರಳು ಇಳಿಯುವಷ್ಟು ಮೆತ್ತಗೆ.
ಜಡೆಯಿಂದ ಬಿಡಿಸಿ ಬಕೆಟ್ಟಿಗೆ ಹಾಕಿದಳು.
ಅಯ್ಯೋ ಅನ್ನಲಿಲ್ಲ. ಒಳ್ಳೆಯದಕ್ಕೇ ಆಯಿತು ಅನ್ನಲಿಲ್ಲ.
ಪಕ್ಕದೆರಡನ್ನು ಸೆರಗಿಂದ ಒರೆಸಿ ಮೂಸಿ ನೋಡಿ
ಮತ್ತೆ ಅಲ್ಲೇ ಕಟ್ಟಿದಳು.
ಇನ್ನೊಂದು. ಆಮೇಲೆ ಇನ್ನೊಂದು.
ಮೂರು. ಒಟ್ಟು ಮೂರೇ.

ಆಗಲೇ ಎಲ್ಲಿಂದಲೋ ಒಂದು ಸಣ್ಣ ಗುನುಗು ಕೇಳಿದ್ದು.
ಮೊದಲು ಒಲೆಯ ಕೊಳವೆಯಲ್ಲಿ ಗಾಳಿ ಅಂದುಕೊಂಡೆ.
ಅತ್ತೆಯ ಮೂಗಿನಿಂದ ಬರುತ್ತಿತ್ತು,
ಕೈ ನಾರುತ್ತಿದ್ದ, ಮಂಡಿ ನೋಯುತ್ತಿದ್ದ,
ಹಲ್ಲಿಗೆ ಇನ್ನೊಂದೇ ವಾರವಿದ್ದ ಅತ್ತೆಯ ಮೂಗಿನಿಂದ.

"ಅತ್ತೆ, ನೀನು ಹಾಡ್ತಾ ಇದ್ದೀಯ" ಅಂದುಬಿಟ್ಟೆ.
"ಹೌದಾ?" ಅಂದಳು.
ನಿಂತುಹೋಯಿತು.

ಮುಂದಿನ ವಾರವೂ ದೀಪ ಹಿಡಿಯಲು ಹೋದೆ.
ಹಲ್ಲು ಬಿದ್ದಿತ್ತು. ಕೊಳೆತವು ಐದು.
ಗುನುಗು ಮತ್ತೆ ಬಂದಾಗ
ನಾನು ತುಟಿ ಕಚ್ಚಿಕೊಂಡು
ಬತ್ತಿಯನ್ನು ಒಂದಿಷ್ಟು ಮೇಲೆ ಮಾಡಿದೆ.