ಕೆಳಗಿನ ಸಾಲು

ಬೆಟಗೇರಿಯ ನಮ್ಮ ಅಚ್ಚುಕೂಟದಾಗ
ದೇವರೆಲ್ಲ ಮೊದಲು ತಿರುವುಮುರುವು ಹುಟ್ತಾರ.
ಸೀಸದ ಮೊಳೆಯನ್ನ ಕನ್ನಡಿಯೊಳಗಿನ ಮುಖದಂಗ ಓದಬೇಕು.
ಮೂವತ್ತೆಂಟು ವರ್ಷ ಓದೀನಿ.

ಮದರಸಾದ ಸನದು ಇಪ್ಪತ್ತು ಪ್ರತಿ,
ಮಠದ ಪಾಠಶಾಲೆಯ ‘ಶಾಸ್ತ್ರಿ’ ಹನ್ನೆರಡು,
ಟೈರಿನಂಗಡಿ ಮಾಳಿಗಿ ಮ್ಯಾಲಿನ ದೈವಶಾಸ್ತ್ರದ ಸಂಜೀಶಾಲೆಯದು ಏಳು.
ಕೆಲಸ ಮುಗಿದ ಮ್ಯಾಲೆ ಮೊಳೆಗಳನ್ನ ಸೀಮೆಎಣ್ಣ್ಯಾಗ ತೊಳದು
ಮತ್ತ ಖಾನೆಗೆ ಹಾಕ್ತೀನಿ.
‘ರಹಮಾನ’ನ ‘ರ’ ನಾಳೆ ‘ಹರ’ನಿಗೆ ಹೋಗ್ತೈತಿ.
ಯಾವ ‘ರ’ ಯಾರದು ಅಂತ ಸೀಸ ನೆನಪಿಡೂದಿಲ್ಲ.
ನಾನೂ ಇಡೂದಿಲ್ಲ. ಬಿಲ್ಲು ಮಾತ್ರ ಇಡ್ತೀನಿ.

ಅದರಾಗ ಒಂದು ಬಿಲ್ಲು
ಹರದು ಒಗೀಬೇಕಂತ ತಗದು, ಮತ್ತ ಒಳಗ ಇಡ್ತೀನಿ.
ಹತ್ತು ವರ್ಷದ ಹಿಂದ ಒಬ್ಬಾವ ಬಂದ. ಹೆಸರು ಬ್ಯಾಡ.
ರೇಷ್ಮಿ ಶಾಲು, ಎರಡೂ ಕೈಗೆ ಗಡಿಯಾರ.
‘ದೈವಶಾಸ್ತ್ರದ ಡಾಕ್ಟರೇಟು. ಒಂದ ಪ್ರತಿ ಸಾಕು,
ಬಂಗಾರದಂಚು ಹಾಕ್ರಿ.’
ಯಾವ ಶಾಲೆ ಅಂದೆ. ‘ನೀವ ಒಂದು ಚಲೋ ಹೆಸರು ಹೇಳ್ರಿ’ ಅಂದ.
ಹೇಳಿದೆ.
ನೂರಾ ಎಂಬತ್ತು ರೂಪಾಯಿ.
ಆರು ತಿಂಗಳಿಗೆ ಮುಳಗುಂದ ನಾಕಾದಾಗ ಬೋರ್ಡು: ‘ಡಾ.’
ಆ ಒಂದು ಚುಕ್ಕಿ
ಜ್ವರ ಬಂದ ಕೂಸುಗಳನ್ನ ಕರೀತಿತ್ತು.
ಒಂದು ಕೂಸು...

ಇರಲಿ.
ಮಸಿ ಒರೆಸೋ ಅರಿವಿ ಎಲ್ಲಿಟ್ಟೆ?

ಮೊನ್ನೆ ಎಸ್ತೇರವ್ವ ಹರ್ತಿ ಬಂದಿದ್ಲು.
ಹಗಲೆಲ್ಲ ನೇಕಾರ ಓಣ್ಯಾಗ ಕಂಡಿಕಿ ಸುತ್ತಿ,
ರಾತ್ರಿ ರಬ್ಬರ್ ವಾಸನಿಯಾಗ ಮೂರು ವರ್ಷ ಓದಿದಾಕಿ,
ಗ್ರೀಕ್ ಅಕ್ಷರ ಸೈತ.
ಈಗ ದವಾಖಾನ್ಯಾಗ ಕಡೀ ಉಸಿರಿನವರ ಕೈ ಹಿಡದು ಕೂಡ್ತಾಳ.
ಅಲ್ಲಿ ಯಾರೋ ಕೇಳಿದ್ರಂತ: ‘ಇದಕ್ಕ ಮಾನ್ಯತಾ ಎಲ್ಲೈತಿ?’
ಕೇಳಿದಾವ ಹಾಸಿಗ್ಯಾಗ ಮಲಗಿದಾವ ಅಲ್ಲ,
ಮೇಜಿನ ಹಿಂದ ಕೂತಾವ.

ಪ್ರೂಫ್ ಹಿಡದು ನಿಂತ್ಲು. ‘ಶಾಸ್ತ್ರ’ದ ಒತ್ತು ಬಿಟ್ಟಿದ್ದೆ, ತೋರಿಸಿದ್ಲು.
ಆಮ್ಯಾಲೆ: ‘ಕೆಳಗ ಒಂದು ಸಾಲು ಸೇರಸ್ರಿ ಅಣ್ಣಾ,
ಗುರುಗಳಿಗೂ ಹೇಳೀನಿ:
ಇದು ಸರಕಾರ ಒಪ್ಪಿದ ಪದವಿ ಅಲ್ಲ.’
ಎಂಟು ಪಾಯಿಂಟಿನ ಮೊಳೆ ತಗದೆ, ಕಣ್ಣಿಗೆ ಬೀಳದಂಗ.
‘ಅದಲ್ಲ. ದೊಡ್ಡದು. ನನ್ನ ಹೆಸರಿನಷ್ಟ.’
‘ನಾಚಿಕಿ ಆಗೂದಿಲ್ಲೇನವಾ?’

‘ಪ್ರಾರ್ಥನಾ ಮಾಡಾಕ ಸರಕಾರನ ಕೇಳಿಲ್ಲ ನಾನು.
ಕೇಳದ ಇದ್ದದ್ದನ್ನ
ಕೊಟ್ಟಾರ ಅಂತ ಯಾಕ ಬರಸ್ಲಿ?’

ನನಗ ಈ ಕೆಲಸ ಅಪ್ಪ ಕಿವಿ ಹಿಂಡಿ ಕಲಿಸಿದ್ದು.
ಸನದು ಯಾರೂ ಕೊಡಲಿಲ್ಲ.
ಕೊಟ್ಟಿದ್ರೂ ನಾನ ಅಚ್ಚು ಹಾಕ್ಕೋಬೇಕಿತ್ತು.

ಏಳು ಹಾಳಿ ಹಗ್ಗದ ಮ್ಯಾಲೆ,
ಯಾರದೋ ಲಗ್ನಪತ್ರಿಕಿ ನಡುವ, ಒಣಗಾಕ ಹಾಕೀನಿ.
ಹೆಸರು ಒಣಗೈತಿ. ಅಂಚು ಒಣಗೈತಿ.
‘ಅಲ್ಲ’ ಅನ್ನೂದು ಇನ್ನೂ ಹಸಿ ಐತಿ,
ಕೈ ಹಚ್ಚಬ್ಯಾಡ್ರಿ.