ಎರಡನೇ ತೂತು

ದಿಬ್ಬೂರಹಳ್ಳಿಯ ಅಕ್ಕಯ್ಯಮ್ಮ ಫೋನು ತಂದರು
ಶಿಡ್ಲಘಟ್ಟದ ನನ್ನ ಅಂಗಡಿಗೆ.
"ಅವರ ಮಾತು ನನಗೆ ಕೇಳುತ್ತೆ, ಇದಾಯತ್ತು.
ನನ್ನದು ಅವರಿಗಿಲ್ಲ."

ಮಸೂರದಡಿ ಹಿಡಿದೆ. ಕೆಳಗಿನ ತೂತಿನಲ್ಲಿ ಸುಣ್ಣ:
ಹುಳ ಜ್ವರಕ್ಕೆ ಕೂತಾಗ ತಟ್ಟೆಗೆ ಎರಚುವ ಸುಣ್ಣ.
ಅದರ ಕೆಳಗೆ ಸೂಜಿಯ ಗಾಯ.
"ಚುಚ್ಚಿದಿರಾ?"
"ಒಂಚೂರು," ಅಂದರು, ಸೆರಗು ಸರಿಮಾಡಿಕೊಂಡು.

ಗೂಡಿನ ಮಾರ್ಕೆಟ್ಟಿನ ಕಚೇರಿಯಲ್ಲಿ ಹಿಂದೆ
ಕರೀ ಫೋನೊಂದಿತ್ತು, ಬಾಯೊಳಗೆ ಇದ್ದಿಲ ಹರಳು.
ಅಬ್ಬ ಅದನ್ನು ಕುಲುಕಿ, ಎರಡು ಸಲ ಗುದ್ದಿ
ಧಾರಣೆ ಕೂಗುತ್ತಿದ್ದರು,
ತಂತಿಯೇ ಬೇಡವೆನ್ನುವಷ್ಟು ಜೋರಾಗಿ.
ನಾನು ಅಂಗಡಿ ಇಟ್ಟಾಗ ಮೈಕು ಅಂಗಿಗುಂಡಿಯಷ್ಟು,
ರಬ್ಬರು ಟೋಪಿ ಹಾಕಿ ಕೂತಿರುತ್ತಿತ್ತು;
ಬೆರಳಲ್ಲೇ ಕಿತ್ತು ಬೇರೆಯದು ಕೂರಿಸುತ್ತಿದ್ದೆ.
ಈಗ ಅರ್ಧ ಅಕ್ಕಿಕಾಳಿನಷ್ಟು ತಗಡಿನ ಡಬ್ಬಿ.
ಒಳಗೊಂದು ಸಿಲಿಕಾನ್ ಪೊರೆ.
ನಮ್ಮ ಗೂಡಿನ ಒಂದೆಳೆಯನ್ನು ಇಪ್ಪತ್ತಾಗಿ ಸೀಳಿದರೆ
ಅದರಲ್ಲೊಂದರಷ್ಟು ದಪ್ಪ.
ಎದುರಿಗೆ ಜರಡಿಯಂಥ ಇನ್ನೊಂದು ತಟ್ಟೆ, ಅಲುಗದು.
ಮಾತು ಬಂದಾಗ ನಡುವಿನ ಜಾಗ ಹೆಚ್ಚುಕಮ್ಮಿಯಾಗುತ್ತೆ,
ಅಷ್ಟೇ.
ಆ ಹೆಚ್ಚುಕಮ್ಮಿಯೇ ಆಚೆ ಊರಲ್ಲಿ ಅಕ್ಕಯ್ಯಮ್ಮ.

ಸತ್ತ ಫೋನೊಂದರಿಂದ ಮೈಕು ಬಿಡಿಸಿದೆ,
ಬಿಸಿಗಾಳಿ ಬೆನ್ನಿಗೆ ಕೊಟ್ಟು,
ಚಿಮಟದ ತುದಿಯಲ್ಲಿ, ಉಸಿರು ಹಿಡಿದು.
ಯಾರದೋ ಜಗಳ, ಯಾರದೋ ಸಾಲದ ಮಾತು
ಹಾದುಹೋಗಿರಬೇಕು ಅದರಲ್ಲಿ.
ಒಂದಕ್ಷರವೂ ಅಂಟಿಕೊಂಡಿರಲಿಲ್ಲ.
ನೂರೈವತ್ತು ಅಂದೆ. ನೂರು ಕೊಟ್ಟರು.

ರಾತ್ರಿ ಹನ್ನೊಂದಕ್ಕೆ ಕರೆ.
"ನಾಲ್ಕನೇ ಜ್ವರ ಎದ್ದಿವೆ. ಮೇಯೋದು ಕೇಳ್ತಾ?"
ದನಿ ತೊಳೆದಿಟ್ಟ ಹಾಗೆ. ಹಿಂದೆ ಏನೂ ಇಲ್ಲ.
"ಕೇಳಲ್ಲಮ್ಮ. ಮೇಲ್ಗಡೆ ಇನ್ನೊಂದು ತೂತಿದೆ, ಇನ್ನೊಂದು ಮೈಕು.
ಸುತ್ತಲ ಗದ್ದಲ ಕೇಳಿಸಿಕೊಂಡು
ನಿಮ್ಮ ಮಾತಿಂದ ಕಳೆದುಬಿಡುತ್ತೆ."
"ಗದ್ದಲವಾ?"
ಸ್ವಲ್ಪ ಹೊತ್ತು ಸುಮ್ಮನಿದ್ದರು.
"ಅದನ್ನ ಕೇಳಿಸೋಕೇ ಅಲ್ವೇನಪ್ಪ ನಾನು ಮಾಡಿದ್ದು!"

ಮೇಲಿನ ತೂತಿಗೆ ಹೆಬ್ಬೆರಳು ಒತ್ತಿ, ಅಂದೆ.
ಮೊದಲು ಚರ್ಮ ಉಜ್ಜಿದ ಸದ್ದು.
ಆಮೇಲೆ ತಟ್ಟೆಯ ಮೇಲೆ ತಟ್ಟೆ,
ಸೊಪ್ಪು ಹರಿಯುವ ಸಾವಿರ ಸಾವಿರ ಬಾಯಿ.
ಸ್ಪೀಕರಿಗೆ ಹಾಕಿದೆ.

ನಲವತ್ತು ವರ್ಷ ನೂಲು ತೆಗೆದ ಅಬ್ಬ,
ಗೋಡೆಗೆ ಮುಖ ಮಾಡಿ ಮಲಗಿದ್ದವರು,
ತಿರುಗದೆಯೇ ಅಂದರು:
"ಸೊಪ್ಪು ಬಾಡಿದೆ. ಹಸೀದು ಹಾಕೋಕೆ ಹೇಳು."